ಸೈನ್ ಹಾಕೋ ಮುಂಚೆ ಓದಿ: ನಿಕಾಹ್ ಕರಾರಿನ ಹಳೇ ಕಥೆ

1/8

ಫೋಟೊದಲ್ಲಿರೋದು ನಮ್ಮ ಆಪಾ ಕೈ. ದೊಡ್ಡಪ್ಪನ ಮಗಳು. ಮೆಹಂದಿ ಕೆಂಪಗಿದೆ, ಬೆರಳ ಮಧ್ಯೆ ಪೆನ್ನು, ಕೆಳಗೆ ನಿಕಾಹ್ ರಿಜಿಸ್ಟರ್. ದಾಸರಹಳ್ಳಿ ಹತ್ತಿರದ ಒಂದು ಶಾದಿ ಮಹಲ್‌ನಲ್ಲಿ ನಾನೇ ತೆಗೆದದ್ದು.

ಆಪಾ ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗ್ತಾಳೆ. ಸಂಬಳದ ಚೀಟಿ ಬಂದ ತಕ್ಷಣ ಪಿಎಫ್ ಎಷ್ಟು ಹೋಯ್ತು, ಇಎಸ್‌ಐ ಎಷ್ಟು, ಓಟಿ ಸೇರಿಸಿದ್ದಾರಾ ಅಂತ ಸಾಲು ಸಾಲು ಓದ್ತಾಳೆ. ಅವರ ಬಾಡಿಗೆ ಮನೆಯ 11 ತಿಂಗಳ ಅಗ್ರಿಮೆಂಟನ್ನೂ ಅವಳು ಓದಿದ ಮೇಲೇ ದೊಡ್ಡಪ್ಪ ಸೈನ್ ಹಾಕಿದ್ದು. ಆದರೆ ಅವತ್ತು ವಕೀಲ್ ಮತ್ತು ಇಬ್ಬರು ಸಾಕ್ಷಿಗಳು ಬಂದು ಒಪ್ಪಿಗೆ ಕೇಳಿದಾಗ ತಲೆಯಾಡಿಸಿದಳು, ತೋರಿಸಿದ ಕಡೆ ಸೈನ್ ಹಾಕಿದಳು. ಓದಲಿಲ್ಲ.

ಮುಂದಿನ ವಾರ "ಮೆಹರ್ ಎಷ್ಟು ಆಪಾ?" ಅಂತ ಕೇಳಿದೆ. "ಏನೋ ಹೇಳಿದ್ರು ಕಣೇ, ಗದ್ದಲದಲ್ಲಿ ಕೇಳಿಸ್ಲಿಲ್ಲ. ಹೊರಗಡೆ ಗಂಡಸರು ಮಾತಾಡ್ಕೊಂಡಿದ್ರು" ಅಂದಳು.

ಆ "ಕೇಳಿಸ್ಲಿಲ್ಲ" ಅನ್ನೋದು ನನ್ನ ತಲೆಯಲ್ಲೇ ಉಳೀತು. ಯಾಕಂದ್ರೆ ಇಸ್ಲಾಮಿನ ಆರಂಭದ ಇತಿಹಾಸದಲ್ಲಿ ಮದುವೆ ಅಂದ್ರೆ ಹೆಣ್ಣಿನ ಮಾತು ಕೇಳಿಸಲೇಬೇಕಾದ ಜಾಗ. ಈ ಸರಣಿ ಅದರ ಬಗ್ಗೆ.

2/8

ಮೊದಲು ನಮ್ಮ ಬೆಂಗಳೂರಿನದೇ ಒಂದು ಕೇಸ್.

ಇಲ್ಲಿನ ಒಬ್ಬ ಮಹಿಳೆಗೆ 5,000 ರೂಪಾಯಿ ಮೆಹರ್‌ಗೆ ಮದುವೆಯಾಗಿತ್ತು. ಕೆಲವೇ ತಿಂಗಳಲ್ಲಿ, 1991ರಲ್ಲಿ, ಗಂಡ ತಲಾಖ್ ಹೇಳಿದ. ಇನ್ನೊಂದು ಮದುವೆ ಆದ. ಆಕೆ 2002ರಲ್ಲಿ ಜೀವನಾಂಶ ಕೇಳಿ ದಾವೆ ಹಾಕಿದರು. ತಿಂಗಳಿಗೆ 3,000 ರೂಪಾಯಿ ಕೊಡಬೇಕು ಅಂತ ಆದೇಶವಾಯ್ತು. ಆತ ಕೊಡಲಿಲ್ಲ, ಹೈಕೋರ್ಟಿಗೆ ಹೋದ. ವಾದ ಏನು? ನಿಕಾಹ್ ಒಂದು ಕರಾರು, ಮೆಹರ್ ಕೊಟ್ಟಾಯ್ತು, ಕರಾರು ಮುಗೀತು, ನನ್ನ ಜವಾಬ್ದಾರಿಯೂ ಮುಗೀತು.

2021ರ ಅಕ್ಟೋಬರ್‌ನಲ್ಲಿ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ ಅರ್ಜಿಯನ್ನು ವಜಾ ಮಾಡಿತು, ಮೇಲೆ 25,000 ರೂಪಾಯಿ ದಂಡವನ್ನೂ ಹಾಕಿತು. ನಿಕಾಹ್ ಕರಾರು ಅನ್ನೋದನ್ನ ಕೋರ್ಟ್ ಅಲ್ಲಗಳೆಯಲಿಲ್ಲ. ಅದು ಕರಾರಿನಿಂದ ಶುರುವಾಗಿ ಒಂದು ಸ್ಥಾನಮಾನವಾಗಿ ಬೆಳೆಯುತ್ತೆ, ಆಮೇಲೆ ಹುಟ್ಟುವ ಹೊಣೆಗಳು ತಲಾಖ್ ಒಂದರಿಂದಲೇ ಅಳಿಸಿ ಹೋಗಲ್ಲ ಅಂತ ಹೇಳಿತು.

ಗಮನಿಸಿ: ಆತನ ಕಡೆಗೂ ಇದ್ದದ್ದು "ಕರಾರು" ಅನ್ನೋ ಪದವೇ, ಆಕೆಯ ಕಡೆಗೂ ಅದೇ. ಒಂದೇ ಪದ ಒಬ್ಬರಿಗೆ ತಪ್ಪಿಸಿಕೊಳ್ಳುವ ದಾರಿ, ಇನ್ನೊಬ್ಬರಿಗೆ ಹಕ್ಕು. ಇದು ಹೇಗಾಯ್ತು? 1400 ವರ್ಷ ಹಿಂದೆ ಹೋಗೋಣ.

3/8

7ನೇ ಶತಮಾನದ ಅರೇಬಿಯ. ಅಲ್ಲಿ ಒಂದೇ ಥರದ ಮದುವೆ ಇರಲಿಲ್ಲ, ಬುಡಕಟ್ಟಿಗೊಂದು ರೂಢಿ. ಹಲವು ಕಡೆ ವಧುವಿಗೆ ಅಂತ ಕೊಟ್ಟ ಹಣ ಅಪ್ಪನ ಅಥವಾ ಅಣ್ಣನ ಕೈ ಸೇರ್ತಿತ್ತು. ಗಂಡ ಸತ್ತರೆ ಆತನ ಕಡೆಯವರು ವಿಧವೆಯನ್ನು ಆಸ್ತಿಯ ಹಾಗೆ ತಮ್ಮದಾಗಿಸಿಕೊಳ್ಳೋದೂ ಇತ್ತು.

ಕುರಾನಿನ 4ನೇ ಅಧ್ಯಾಯದ ಹೆಸರೇ "ಅನ್ನಿಸಾ", ಅಂದ್ರೆ ಹೆಂಗಸರು. ಅದರ 4ನೇ ವಚನ ಮೆಹರನ್ನು ಹೆಣ್ಣಿಗೇ ಕೊಡಿ ಅನ್ನುತ್ತೆ. 19ನೇ ವಚನ ವಿಧವೆಯನ್ನು ಬಲವಂತವಾಗಿ ಪಿತ್ರಾರ್ಜಿತ ಮಾಡಿಕೊಳ್ಳಬೇಡಿ ಅನ್ನುತ್ತೆ. 20ನೇ ವಚನ, ರಾಶಿ ಸಂಪತ್ತು ಕೊಟ್ಟಿದ್ದರೂ ಬಿಡುವಾಗ ವಾಪಸ್ ಕಿತ್ಕೋಬೇಡಿ ಅನ್ನುತ್ತೆ.

ಇಲ್ಲಿ ಬದಲಾದದ್ದು ಏನು ಗೊತ್ತಾ? ಮೊದಲು ಕರಾರು ಇಬ್ಬರು ಗಂಡಸರ ನಡುವೆ: ಅಪ್ಪ ಮತ್ತು ಅಳಿಯ. ಈಗ ಹಣ ತಗೊಳ್ಳೋಳು ಹೆಣ್ಣು. ಅಂದ್ರೆ ಅವಳು ಕರಾರಿನ ವಸ್ತು ಅಲ್ಲ, ಕರಾರಿನ ಪಕ್ಷಗಾರಳು.

ಒಂದು ಎಚ್ಚರಿಕೆ. ಮುಂದೆ ಹೇಳೋ ಘಟನೆಗಳಲ್ಲಿ ಹೆಚ್ಚಿನವು ಹದೀಸ್ ಸಂಗ್ರಹಗಳಿಂದ ಬಂದವು. ಬಹಳ ಹೆಸರಾದ ಸಂಗ್ರಹಕಾರ ಬುಖಾರಿ ತೀರಿಕೊಂಡದ್ದು 870ರಲ್ಲಿ, ಪ್ರವಾದಿ ತೀರಿಕೊಂಡದ್ದು 632ರಲ್ಲಿ. ನಡುವೆ 200 ವರ್ಷಕ್ಕೂ ಹೆಚ್ಚು. ಹಾಗಾಗಿ ಇತಿಹಾಸಕಾರರು ಇವನ್ನ ಜೋಪಾನವಾಗಿ ಓದ್ತಾರೆ. ಆದರೆ ಆ ಸಮಾಜ ಯಾವ ಕಥೆಗಳನ್ನ ನೆನಪಿಟ್ಟುಕೊಂಡು ದಾಟಿಸಿತು ಅನ್ನೋದೂ ಇತಿಹಾಸವೇ ತಾನೆ?

4/8

ಖದೀಜಾ ಅವರ ಕಥೆ ಹಲವರಿಗೆ ಗೊತ್ತು. ಮೆಕ್ಕಾದ ವ್ಯಾಪಾರಿ, ವಿಧವೆ. ತಮ್ಮ ಸರಕು ತಗೊಂಡು ಸಿರಿಯಾ ಕಡೆ ಹೋಗಿ ಬಂದ ಮುಹಮ್ಮದರ ಪ್ರಾಮಾಣಿಕತೆ ನೋಡಿ ಮದುವೆ ಪ್ರಸ್ತಾಪ ಕಳಿಸಿದ್ದು ಅವರೇ. ಅವರು ಬದುಕಿದ್ದ ಸುಮಾರು 25 ವರ್ಷ ಪ್ರವಾದಿ ಇನ್ನೊಂದು ಮದುವೆ ಆಗಲಿಲ್ಲ.

ಆದರೆ ನನಗೆ ಇನ್ನೂ ಇಷ್ಟವಾದದ್ದು ಹೆಸರೇ ಉಳಿಯದ ಒಬ್ಬ ಹುಡುಗಿಯ ಕಥೆ. ಅಪ್ಪ ತನ್ನ ಮರ್ಯಾದೆ ಹೆಚ್ಚಿಸಿಕೊಳ್ಳೋಕೆ ಅವಳನ್ನ ಅಣ್ಣನ ಮಗನಿಗೆ ಕೊಟ್ಟುಬಿಟ್ಟ. ಅವಳು ನೇರ ಪ್ರವಾದಿಯ ಮನೆಗೆ ಬಂದು ದೂರು ಕೊಟ್ಟಳು. ಪ್ರವಾದಿ ಅಪ್ಪನನ್ನು ಕರೆಸಿ, ತೀರ್ಮಾನ ಅವಳ ಕೈಗೆ ಬಿಟ್ಟರು. ಆಗ ಅವಳು ಹೇಳಿದ್ದರ ತಾತ್ಪರ್ಯ ಇದು: ಅಪ್ಪ ಮಾಡಿದ್ದನ್ನ ನಾನು ಒಪ್ಕೋತೀನಿ. ಆದರೆ ಈ ವಿಷಯದಲ್ಲಿ ಹೆಂಗಸರಿಗೆ ಹಕ್ಕು ಇದೆಯಾ ಅಂತ ತಿಳ್ಕೋಬೇಕಿತ್ತು.

ಅವಳಿಗೆ ಮದುವೆ ಮುರಿಯೋದು ಬೇಕಿರಲಿಲ್ಲ. ಎಲ್ಲರ ಮುಂದೆ ಉತ್ತರ ಬೇಕಿತ್ತು. ಖನ್ಸಾ ಬಿಂತ್ ಖಿದಾಮ್ ಅನ್ನೋ ಇನ್ನೊಬ್ಬಾಕೆಗೆ ಮುರಿಯೋದೇ ಬೇಕಿತ್ತು. ಅವರ ಇಷ್ಟ ಇಲ್ಲದೆ ಅಪ್ಪ ಮಾಡಿದ ಮದುವೆಯನ್ನು ಪ್ರವಾದಿ ರದ್ದು ಮಾಡಿದರು.

5/8

ಇನ್ನು ಹೊರಗೆ ಬರೋ ದಾರಿ.

ಸಾಬಿತ್ ಬಿನ್ ಖೈಸ್ ಅನ್ನೋರ ಹೆಂಡತಿ ಬಂದು, ಗಂಡನ ನಡತೆಯಲ್ಲಿ ಧರ್ಮದಲ್ಲಿ ತಪ್ಪು ಹೇಳಲ್ಲ, ಆದರೆ ಅವರ ಜೊತೆ ಬಾಳೋಕಾಗಲ್ಲ ಅಂದರು. ಮೆಹರ್ ಆಗಿ ಕೊಟ್ಟಿದ್ದ ತೋಟ ವಾಪಸ್ ಕೊಡ್ತೀಯಾ ಅಂತ ಪ್ರವಾದಿ ಕೇಳಿದರು. ಕೊಡ್ತೀನಿ ಅಂದರು. ಮುಗೀತು. ಇದೇ ಖುಲಾ. "ಇಷ್ಟ ಇಲ್ಲ" ಅನ್ನೋದೇ ಸಾಕಷ್ಟು ಕಾರಣ ಆಗಿತ್ತು.

ಬರೀರಾ ಗುಲಾಮಳಾಗಿದ್ದವಳು. ಬಿಡುಗಡೆ ಆದ ಮೇಲೆ, ಗುಲಾಮಗಿರಿಯಲ್ಲಿ ಆಗಿದ್ದ ಮದುವೆಯಲ್ಲಿ ಇರೋದಾ ಬೇಡವಾ ಅಂತ ಆರಿಸಿಕೊಳ್ಳುವ ಹಕ್ಕು ಅವಳಿಗೆ ಬಂತು. ಅವಳು ಬೇಡ ಅಂದಳು. ಗಂಡ ಮುಗೀಸ್ ಮದೀನಾದ ಬೀದಿಯಲ್ಲಿ ಅಳುತ್ತಾ ಅವಳ ಹಿಂದೆ ತಿರುಗಿದ. ಕನಿಕರಪಟ್ಟು ಪ್ರವಾದಿಯೇ ಅವನ ಪರ ಒಂದು ಮಾತು ಹೇಳಿದರು. ಬರೀರಾ ಕೇಳಿದಳು, ಇದು ಆಜ್ಞೆಯಾ? ಅಲ್ಲ, ಶಿಫಾರಸು ಅಷ್ಟೇ ಅಂದರು. ಹಾಗಾದರೆ ನನಗೆ ಅವನು ಬೇಡ ಅಂದಳು ಅವಳು.

ನಿನ್ನೆ ಮೊನ್ನೆವರೆಗೆ ಗುಲಾಮಳಾಗಿದ್ದ ಹೆಣ್ಣು, ಇಡೀ ಊರು ಗೌರವಿಸುವ ವ್ಯಕ್ತಿಯ ಶಿಫಾರಸನ್ನ ತಳ್ಳಿಹಾಕಿದಳು. ಯಾರೂ ಅವಳನ್ನ ಬೈದ ದಾಖಲೆ ಇಲ್ಲ.

6/8

ಇಷ್ಟೇ ಹೇಳಿ ನಿಲ್ಲಿಸಿದ್ರೆ ಅದು ಇತಿಹಾಸ ಅಲ್ಲ, ಜಾಹೀರಾತು. ಅದೇ ಕಾಲದಲ್ಲಿ ಗಂಡಸಿಗೆ ನಾಲ್ಕು ಮದುವೆವರೆಗೆ ಅವಕಾಶ ಇತ್ತು, ನ್ಯಾಯವಾಗಿ ನಡೆಸೋಕೆ ಆಗಲ್ಲ ಅನ್ನೋ ಭಯ ಇದ್ದರೆ ಒಂದೇ ಅನ್ನೋ ಷರತ್ತಿನ ಜೊತೆ. ಗುಲಾಮ ಸ್ತ್ರೀಯರನ್ನು ಮದುವೆಯಿಲ್ಲದೆ ಇಟ್ಟುಕೊಳ್ಳೋದಕ್ಕೂ ಅವಕಾಶ ಇತ್ತು. ತಲಾಖ್ ಹೇಳೋ ಅಧಿಕಾರ ಗಂಡಸಿನದೇ.

ಆಮೇಲೆ ಸಾಮ್ರಾಜ್ಯ ಬೆಳೀತು. 8, 9ನೇ ಶತಮಾನದಲ್ಲಿ ಕಾನೂನು ಪಂಡಿತರು ಕೂತು ನಿಯಮಗಳನ್ನ ಜೋಡಿಸಿದರು. ಕೀಸಿಯಾ ಅಲಿ ಅನ್ನೋ ವಿದ್ವಾಂಸೆ 2010ರ ತಮ್ಮ ಪುಸ್ತಕದಲ್ಲಿ ತೋರಿಸೋ ಹಾಗೆ, ಆ ಪಂಡಿತರು ಮದುವೆಯನ್ನ ವಿವರಿಸೋಕೆ ಮತ್ತೆ ಮತ್ತೆ ಕ್ರಯ ಮತ್ತು ಗುಲಾಮಗಿರಿಯ ಹೋಲಿಕೆಯನ್ನೇ ಬಳಸಿದರು. ಖುಲಾಗೆ ಗಂಡನ ಒಪ್ಪಿಗೆ ಬೇಕು ಅಂತ ಬಹುತೇಕರು ಹೇಳಿದರು. ಸಾಬಿತ್ ಹೆಂಡತಿಗೆ ತೆರೆದಿದ್ದ ಬಾಗಿಲು ಅರ್ಧ ಮುಚ್ಚಿತು.

ಒಂದೇ ಉಸಿರಿನ ಮೂರು ತಲಾಖ್ ಕೂಡ ಹೀಗೇ. ಪ್ರವಾದಿ ಕಾಲದಲ್ಲಿ, ಅಬೂಬಕರ್ ಕಾಲದಲ್ಲಿ, ಉಮರ್ ಆಡಳಿತದ ಮೊದಲ ಎರಡು ವರ್ಷ ಅದನ್ನ ಒಂದೇ ಅಂತ ಎಣಿಸ್ತಿದ್ರು ಅನ್ನೋ ವರದಿ ಮುಸ್ಲಿಮ್ ಅವರ ಹದೀಸ್ ಸಂಗ್ರಹದಲ್ಲೇ ಇದೆ. ಜನ ಆತುರ ಬೀಳ್ತಾರೆ ಅಂತ ಉಮರ್ ಅದನ್ನ ಮೂರು ಅಂತಲೇ ಜಾರಿ ಮಾಡಿದರು.

ಆದರೂ ಹೆಂಗಸರು ಕರಾರನ್ನ ಬಿಟ್ಟುಕೊಡಲಿಲ್ಲ. ಟುನೀಷಿಯಾದ ಕೈರೌವಾನ್ ಪಟ್ಟಣದಲ್ಲಿ ಮದುವೆ ಪತ್ರಕ್ಕೇ ಷರತ್ತು ಸೇರಿಸೋ ರೂಢಿ ಬೆಳೀತು: ಗಂಡ ಎರಡನೇ ಮದುವೆ ಆದರೆ ಬಿಡುಗಡೆಯ ಅಧಿಕಾರ ಹೆಂಡತಿಗೆ.

7/8

ಈಗ ನಮ್ಮ ಕನ್ನಡಕ್ಕೆ ಬನ್ನಿ, ಕಾಸರಗೋಡಿಗೆ. ಸಾರಾ ಅಬೂಬಕ್ಕರ್ ಅವರ "ಚಂದ್ರಗಿರಿಯ ತೀರದಲ್ಲಿ" ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ. ನಾದಿರಾ ಮತ್ತು ರಶೀದ್ ಪ್ರೀತಿಯಿಂದಲೇ ಇದ್ದರು. ಅಪ್ಪನ ಹಟಕ್ಕೆ ತಲಾಖ್ ಆಗುತ್ತೆ. ಮತ್ತೆ ಒಂದಾಗಬೇಕಾದರೆ ಒಂದು ರಾತ್ರಿಗೆ ಇನ್ನೊಬ್ಬನ ಹೆಂಡತಿಯಾಗಬೇಕು ಅಂತ ಹಿರಿಯರು ಹೇಳ್ತಾರೆ. ನಾದಿರಾ ಮಸೀದಿಯ ಕೆರೆ ಸೇರ್ತಾಳೆ.

ಇದಕ್ಕೆ ಹಲಾಲಾ ಅಂತಾರೆ. ಮೂಲ ಎಲ್ಲಿ? ಇಸ್ಲಾಮಿಗೆ ಮುಂಚೆ ಗಂಡಸು ಬಿಡೋದು, ಕರ್ಕೊಳ್ಳೋದು, ಮತ್ತೆ ಬಿಡೋದು, ಹೀಗೆ ಲೆಕ್ಕವಿಲ್ಲದೆ ಆಟ ಆಡಿಸಬಹುದಿತ್ತು. ಕುರಾನ್ ಅದಕ್ಕೆ ಮಿತಿ ಹಾಕಿತು: ಎರಡು ಸಲ ಅಷ್ಟೇ. ಮೂರನೇದಾದರೆ, ಅವಳು ಬೇರೆ ಬದುಕು ಕಟ್ಟಿಕೊಂಡು ಆ ಮದುವೆಯೂ ಮುಗಿದ ಹೊರತು ನಿನಗೆ ವಾಪಸ್ ಸಿಗಲ್ಲ. ಅದು ಗಂಡಸಿಗೆ ಹಾಕಿದ ಬೇಲಿ. ಏರ್ಪಾಡು ಮಾಡಿದ ಒಂದು ರಾತ್ರಿ ಮದುವೆಯನ್ನ ಮಾಡೋನಿಗೂ ಮಾಡಿಸೋನಿಗೂ ಶಾಪ ಹಾಕಿದ ಹದೀಸ್ ಕೂಡ ಇದೆ. ನಾದಿರಾ ಹೊತ್ತಿಗೆ ಗಂಡಸಿಗೆ ಹಾಕಿದ ಬೇಲಿ ಹೆಂಗಸಿನ ಕೊರಳಿಗೆ ಬಿದ್ದಿತ್ತು.

ಬಾನು ಮುಷ್ತಾಕ್ ಅವರ "ಕರಿ ನಾಗರಗಳು" ಕಥೆಯ ಹೆಣ್ಣೂ ಹಾಗೇ, ಮಕ್ಕಳ ಸಮೇತ ಮಸೀದಿ ಮುಂದೆ ನ್ಯಾಯ ಕೇಳ್ತಾಳೆ. ಗಿರೀಶ್ ಕಾಸರವಳ್ಳಿ ಅದನ್ನೇ "ಹಸೀನಾ" ಸಿನಿಮಾ ಮಾಡಿದ್ದು. ಮದೀನಾದ ಆ ಹುಡುಗಿಯೂ ಹೀಗೇ ಬಾಗಿಲಿಗೆ ಬಂದಿದ್ದಳು. ಅವಳಿಗೆ ಉತ್ತರ ಸಿಕ್ಕಿತ್ತು.

8/8

ಈಗ ಏನಿದೆ? 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ ಪ್ರಕಾರ, ಗಂಡ 2 ವರ್ಷ ಸಾಕದಿದ್ದರೆ, 4 ವರ್ಷ ಪತ್ತೆ ಇಲ್ಲದಿದ್ದರೆ, ಹಿಂಸೆ ಕೊಟ್ಟರೆ ಹೆಂಡತಿ ಕೋರ್ಟಿಗೆ ಹೋಗಿ ಬಿಡುಗಡೆ ಪಡೀಬಹುದು. 2017ರ ಆಗಸ್ಟ್ 22ಕ್ಕೆ ಸುಪ್ರೀಂ ಕೋರ್ಟ್ ಒಂದೇ ಉಸಿರಿನ ಮೂರು ತಲಾಖನ್ನ ತಳ್ಳಿಹಾಕಿತು. 2019ರ ಕಾನೂನು ಅದನ್ನ ಅಪರಾಧ ಮಾಡಿತು.

ಆದರೆ ಇವೆಲ್ಲ ಕೆಟ್ಟ ಮೇಲೆ ಹೋಗೋ ಬಾಗಿಲುಗಳು. ಮದುವೆ ದಿನವೇ ಕೈಯಲ್ಲಿರೋದು ನಿಕಾಹ್‌ನಾಮಾ. ಅದರಲ್ಲಿ ಷರತ್ತು ಬರೆಸಬಹುದು. ಇಂಥ ಸಂದರ್ಭದಲ್ಲಿ ಬಿಡುಗಡೆಯ ಅಧಿಕಾರ ಹೆಂಡತಿಗೆ ಅಂತ ಬರೆಸೋದನ್ನ ತಫ್ವೀಜ್ ಅಂತಾರೆ, ಭಾರತದ ಕೋರ್ಟುಗಳೂ ಅದನ್ನ ಒಪ್ಪಿವೆ.

ಇನ್ನೊಂದು. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಮೆಹರನ್ನ ವರದಕ್ಷಿಣೆ ಅಲ್ಲ ಅಂತ ಹೊರಗಿಟ್ಟಿದೆ. ಸರಿಯೇ, ಒಂದು ಹೆಣ್ಣಿಗೆ ಬರೋದು, ಇನ್ನೊಂದು ಹೆಣ್ಣಿನ ಮನೆಯಿಂದ ಹೋಗೋದು. ನಮ್ಮ ಬೀದಿಯಲ್ಲಿ ಬೈಕಿನ ಮಾಡೆಲ್ ಬಗ್ಗೆ ಒಂದು ತಿಂಗಳು ಚರ್ಚೆ ಆಗುತ್ತೆ. ಮೆಹರ್ ಬಗ್ಗೆ ಐದು ನಿಮಿಷ.

ಹೋದ ಭಾನುವಾರ ಆಪಾ ಮನೆಗೆ ಬಂದಿದ್ದಳು. ಇಬ್ಬರೂ ಕೂತು ನಿಕಾಹ್‌ನಾಮಾ ಓದಿದ್ವಿ. ಅವಳ ಎರಡು ತಿಂಗಳ ಸಂಬಳಕ್ಕಿಂತ ಕಡಿಮೆ ಮೊತ್ತ. ಷರತ್ತು ಬರೆಯೋ ಜಾಗದಲ್ಲಿ ಒಂದು ಅಡ್ಡಗೆರೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ಸಲ ಈ ಗೆರೆ ಎಳೆಯೋಕೆ ಬಿಡಬೇಡ, ನಾನು ಪಕ್ಕದಲ್ಲೇ ಇರ್ತೀನಿ" ಅಂದಳು.

ನಿಮ್ಮ ಮನೆಯಲ್ಲಿ ಅಮ್ಮನದೋ ಅಕ್ಕನದೋ ನಿಕಾಹ್‌ನಾಮಾ ಇದ್ದರೆ ಈ ವಾರ ತೆಗೆದು ಓದಿ. ಬೇರೆ ಧರ್ಮದವರಾದರೆ ನಿಮ್ಮ ಮನೆಯ ಮದುವೆಯಲ್ಲಿ ಹುಡುಗಿಯನ್ನ ಯಾರು, ಯಾವಾಗ, ಏನು ಕೇಳಿದ್ರು ಅಂತ ವಿಚಾರಿಸಿ. ಈ ಪೋಸ್ಟ್ ಸೇವ್ ಮಾಡ್ಕೊಳ್ಳಿ, ಮದುವೆ ಗೊತ್ತಾಗಿರೋ ಗೆಳತಿಗೆ ಕಳಿಸಿ.

#ನಿಕಾಹ್‌ನಾಮಾ #ಓದಿ_ಸೈನ್_ಹಾಕಿ #ಪೀಣ್ಯ