ಲೆನಿನ್‌ಗ್ರಾಡಿನ ಕೋಣೆ, ಯುಕತಾನಿನ ಅಕ್ಷರ

1562ರ ಜುಲೈ ತಿಂಗಳಲ್ಲಿ, ಇಂದಿನ ಮೆಕ್ಸಿಕೊದ ಯುಕತಾನಿನ ಮಾನಿ ಎಂಬ ಊರಿನಲ್ಲಿ, ಸ್ಪೇನಿನ ಪಾದ್ರಿ ಡಿಯೆಗೊ ದೆ ಲಾಂಡಾ ಮಾಯಾ ಜನರ ದೇವಮೂರ್ತಿಗಳನ್ನೂ ಹೊತ್ತಗೆಗಳನ್ನೂ ರಾಶಿ ಹಾಕಿಸಿ ಬೆಂಕಿ ಇಡಿಸಿದ. ಅತ್ತಿಯ ಜಾತಿಯ ಮರದ ತೊಗಟೆಯನ್ನು ಬಡಿದು ಹಾಳೆ ಮಾಡಿ, ಸುಣ್ಣ ಬಳಿದು, ಬಣ್ಣದಲ್ಲಿ ಬರೆದು ಮಡಿಸಿಟ್ಟ ಕಡತಗಳು ಅವು. ಅವು ಉರಿಯುವುದನ್ನು ಕಂಡು ಜನ ಸಂಕಟಪಟ್ಟರೆಂದು ಆ ಪಾದ್ರಿಯೇ ಬರೆದಿದ್ದಾನೆ. ಅಳಿದುಳಿದವುಗಳಲ್ಲಿ ಮೂರು ಕಡತಗಳು ಮುಂದೆ ಡ್ರೆಸ್ಡನ್, ಮ್ಯಾಡ್ರಿಡ್, ಪ್ಯಾರಿಸ್ ನಗರಗಳಿಗೆ ಸೇರಿದವು.

ವಿಧಿ ವಿಚಿತ್ರವಾದದ್ದು. ಸುಟ್ಟವನ ಕೈಯಲ್ಲೇ ಬೀಗದ ಕೈಯೂ ಉಳಿಯಿತು. ತನ್ನ ಕೃತ್ಯಗಳಿಗೆ ಉತ್ತರ ಹೇಳಲು ಸ್ಪೇನಿಗೆ ಮರಳಿದ ಲಾಂಡಾ, 1566ರ ಸುಮಾರಿಗೆ ಯುಕತಾನಿನ ವೃತ್ತಾಂತವನ್ನು ಬರೆದ. ಅದರಲ್ಲಿ ಮಾಯಾ ‘ಅಕ್ಷರಮಾಲೆ’ ಎಂದು ಇಪ್ಪತ್ತೇಳು ಗುರುತುಗಳ ಒಂದು ಪಟ್ಟಿಯಿತ್ತು. ಆ ವೃತ್ತಾಂತದ ಸಂಕ್ಷಿಪ್ತ ಪ್ರತಿ 1862ರಲ್ಲಿ ಮ್ಯಾಡ್ರಿಡ್‌ನಲ್ಲಿ ಬ್ರಾಸರ್ ದ ಬೂರ್ಬೂರ್ ಎಂಬ ಫ್ರೆಂಚ್ ಪಾದ್ರಿಯ ಕಣ್ಣಿಗೆ ಬಿತ್ತು. ವಿದ್ವಾಂಸರು ಆ ಪಟ್ಟಿ ಹಿಡಿದು ಕಡತಗಳನ್ನು ಓದಲು ಹೊರಟರು. ಒಂದು ಸಾಲೂ ಅರ್ಥ ಕೊಡಲಿಲ್ಲ. ಪಟ್ಟಿಯೇ ತಪ್ಪೆಂದು ತೀರ್ಮಾನವಾಯಿತು. 1945ರಲ್ಲಿ ಜರ್ಮನಿಯ ಪಾಲ್ ಶೆಲ್‌ಹಾಸ್, ಕಡತಗಳನ್ನು ಜೀವಮಾನವಿಡೀ ಅಧ್ಯಯನ ಮಾಡಿದ ಹಿರಿಯ, ಈ ಲಿಪಿ ಬಿಡಿಸಲಾಗದ ಒಗಟು ಎಂದೇ ಬರೆದುಬಿಟ್ಟರು.

ಆ ಮಾತನ್ನು ಸವಾಲಾಗಿ ತೆಗೆದುಕೊಂಡವರು ಯೂರಿ ಕ್ನೊರೊಜೊವ್. ಹುಟ್ಟಿದ್ದು 1922ರಲ್ಲಿ, ಉಕ್ರೇನಿನ ಖಾರ್ಕಿವ್ ಬಳಿ. ಯುದ್ಧಕಾಲದಲ್ಲಿ ಅವರ ಕುಟುಂಬ ಜರ್ಮನರು ಆಕ್ರಮಿಸಿದ ನೆಲದಲ್ಲಿತ್ತು. ಅಷ್ಟೇ ಕಾರಣಕ್ಕೆ ಸ್ನಾತಕೋತ್ತರ ವ್ಯಾಸಂಗದ ಬಾಗಿಲೂ ಹೊರದೇಶದ ದಾರಿಯೂ ಅವರಿಗೆ ಬಹುತೇಕ ಮುಚ್ಚಿದವು. ಉರಿಯುತ್ತಿದ್ದ ಬರ್ಲಿನ್ ಗ್ರಂಥಾಲಯದಿಂದ ಮಾಯಾ ಕಡತಗಳ ಪುಸ್ತಕವನ್ನು ಎತ್ತಿಕೊಂಡು ಬಂದರೆಂಬ ಕಥೆ ಇಂದಿಗೂ ಓಡಾಡುತ್ತದೆ. ಅದನ್ನು ಅವರೇ ಅಲ್ಲಗಳೆದಿದ್ದರು. ನಿಜವಾಗಿ ನಡೆದದ್ದು ಅದಕ್ಕಿಂತ ದೊಡ್ಡದು: ಮಾಸ್ಕೋದಲ್ಲಿ ಓದು ಮುಗಿಸಿ ಲೆನಿನ್‌ಗ್ರಾಡಿನ ಜನಾಂಗ ವಸ್ತುಸಂಗ್ರಹಾಲಯ ಸೇರಿ, ಬಾಂಬ್ ದಾಳಿಯಲ್ಲಿ ಕೆಟ್ಟ ಜಮಖಾನೆಗಳ ಧೂಳು ಕೊಡವಿ, ವಸ್ತುಗಳನ್ನು ವಿಂಗಡಿಸಿ, ಅಲ್ಲಿಯದೇ ಒಂದು ಇಕ್ಕಟ್ಟಿನ ಕೋಣೆಯಲ್ಲಿ ಪುಸ್ತಕಗಳ ನಡುವೆ ಮಲಗಿದ ಮನುಷ್ಯ, ಕಾಣದ ನಾಡಿನ ಬರಹಕ್ಕೆ ಕೈ ಹಾಕಿದ.

ಮೊದಲು ಅವರು ಗುರುತುಗಳನ್ನು ಎಣಿಸಿದರು. ಕಡತಗಳಲ್ಲಿ ಕೆಲವು ನೂರು ಬಗೆಯ ಗುರುತುಗಳಿದ್ದವು. ವರ್ಣಮಾಲೆಗೆ ಅದು ತೀರ ಹೆಚ್ಚು, ಪದಕ್ಕೊಂದು ಚಿತ್ರವಿರುವ ಲಿಪಿಗೆ ತೀರ ಕಡಿಮೆ. ಹಾಗಾದರೆ ಪದಗಳ ಚಿಹ್ನೆಗಳ ಜೊತೆಗೆ, ವ್ಯಂಜನವೂ ಸ್ವರವೂ ಕೂಡಿದ ಅಕ್ಷರಗಳಿರಬೇಕು. ಕಾಗುಣಿತ ಕಲಿತು ಬೆಳೆದ ನಮಗೆ ಇದು ಸಹಜವೆನಿಸುತ್ತದೆ. ರೋಮನ್ ವರ್ಣಮಾಲೆಯಲ್ಲಿ ಬೆಳೆದ ಲಾಂಡಾನಿಗೆ ಹೊಳೆಯಲೇ ಇಲ್ಲ. ಆತ ಸ್ಪ್ಯಾನಿಷ್ ಅಕ್ಷರಗಳ ಹೆಸರು ಹೇಳುತ್ತ ಹೋದ, ಮಾಯಾ ಲಿಪಿಕಾರ ಕೇಳಿದ ದನಿಯನ್ನು ಬರೆಯುತ್ತ ಹೋದ. ‘ಬೆ’ ಎಂದಾಗ ಹೆಜ್ಜೆಗುರುತಿನ ಚಿತ್ರ ಬಂತು, ಏಕೆಂದರೆ ಲಿಪಿಕಾರನ ಭಾಷೆಯಲ್ಲಿ ‘ಬೆ’ ಎಂದರೆ ದಾರಿ. ಯಾವುದಾದರೂ ವಾಕ್ಯ ಬರೆ ಎಂದಾಗ ಲಿಪಿಕಾರ ಬರೆದದ್ದು ‘ಮಾ ಇನ್ ಕಾತಿ’, ನನಗೆ ಬೇಡ. ಆ ಲಿಪಿಕಾರ ತಪ್ಪು ಮಾಡಿರಲಿಲ್ಲ. ಮುನ್ನೂರೆಂಬತ್ತು ವರ್ಷಗಳ ಬಳಿಕ ಅವನನ್ನು ನಂಬಿದವರು ಕ್ನೊರೊಜೊವ್, ಅವರ ಹಿರಿಮೆಯೆಲ್ಲ ನನ್ನ ಪಾಲಿಗೆ ಈ ನಂಬಿಕೆಯಲ್ಲಿದೆ.

ನಂಬಿ ಸುಮ್ಮನಾಗಲಿಲ್ಲ, ಪರೀಕ್ಷಿಸಿದರು. ಮ್ಯಾಡ್ರಿಡ್ ಕಡತದಲ್ಲಿ ಟರ್ಕಿ ಕೋಳಿಯ ಚಿತ್ರದ ಮೇಲೆ ಎರಡು ಗುರುತು. ಮೊದಲನೆಯದು ಲಾಂಡಾನ ಪಟ್ಟಿಯ ‘ಕು’. ಯುಕತಾನಿನ ಭಾಷೆಯಲ್ಲಿ ಆ ಕೋಳಿಗೆ ‘ಕುತ್ಸ್’ ಎನ್ನುತ್ತಾರೆ. ಹಾಗಾದರೆ ಎರಡನೆಯದು ‘ತ್ಸು’, ಕೊನೆಯ ಸ್ವರವನ್ನು ಉಚ್ಚರಿಸಬೇಕಿಲ್ಲ. ನಾಯಿಯ ಚಿತ್ರದ ಮೇಲೆ ಅದೇ ‘ತ್ಸು’, ಮುಂದೆ ಪಟ್ಟಿಯ ‘ಲು’. ಹಳೆಯ ನಿಘಂಟಿನಲ್ಲಿ ‘ತ್ಸುಲ್’ ಎಂದರೆ ನಾಯಿ. ಡ್ರೆಸ್ಡನ್ ಕಡತದಲ್ಲಿ ಹನ್ನೊಂದರ ಅಂಕಿ ಇರಬೇಕಾದ ಕಡೆ ಮೂರು ಅಕ್ಷರಗಳಿದ್ದವು. ಮೊದಲನೆಯದು ಅಳಿಸಿಹೋಗಿತ್ತು, ಉಳಿದವು ‘ಲು’, ‘ಕು’. ಹನ್ನೊಂದಕ್ಕೆ ಮಾಯಾ ಪದ ‘ಬುಲುಕ್’. ಒಂದು ಓದು ಇನ್ನೊಂದಕ್ಕೆ ಸಾಕ್ಷಿ ನುಡಿಯಿತು.

1952ರಲ್ಲಿ ಅವರ ಲೇಖನ ‘ಸೊವೆಟ್‌ಸ್ಕಾಯಾ ಎಟ್ನೊಗ್ರಾಫಿಯಾ’ದಲ್ಲಿ ಅಚ್ಚಾಯಿತು. 1955ರಲ್ಲಿ ಮಾಸ್ಕೋದಲ್ಲಿ ಪ್ರಬಂಧ ಮಂಡಿಸಿದಾಗ ಕೆಳಗಿನ ಪದವಿ ಬಯಸಿ ಹೋದವರಿಗೆ ನೇರವಾಗಿ ಡಾಕ್ಟರೇಟನ್ನೇ ಕೊಟ್ಟರು. ಪಶ್ಚಿಮದಲ್ಲಿ ಮಾತ್ರ ಮಾಯಾ ವಿದ್ವತ್ತಿನ ದೊರೆಯಂತಿದ್ದ ಎರಿಕ್ ಥಾಂಪ್ಸನ್ ಇದನ್ನು ಸೋವಿಯತ್ ಪ್ರಚಾರವೆಂದು ಜರೆದರು. ಕ್ನೊರೊಜೊವ್ ಅವರ ಕೆಲವು ಓದುಗಳು ತಪ್ಪಿದ್ದವು, ನಿಜ. ಆದರೆ ಥಾಂಪ್ಸನ್ ತಳ್ಳಿಹಾಕಿದ್ದು ಬುನಾದಿಯನ್ನೇ. ಅದೇ ಥಾಂಪ್ಸನ್ 1962ರಲ್ಲಿ ಪ್ರಕಟಿಸಿದ ಗುರುತುಗಳ ಪಟ್ಟಿಯನ್ನು ಸಂಶೋಧಕರು ಇಂದಿಗೂ ಬಳಸುತ್ತಾರೆ, ಆ ಋಣವನ್ನೂ ನೆನೆಯಬೇಕು. ಈ ನಡುವೆ 1960ರಲ್ಲಿ ಮಾಯಾ ವಿದುಷಿ ತಾತ್ಯಾನಾ ಪ್ರಸ್ಕುರಿಯಾಕಫ್, ಮಾಯಾ ನಗರ ಪಿಯೆದ್ರಾಸ್ ನೆಗ್ರಾಸ್‌ನ ಕಲ್ಲುಗಳಲ್ಲಿರುವುದು ಅರಸರ ಜನನ, ಪಟ್ಟಾಭಿಷೇಕಗಳ ಚರಿತ್ರೆ ಎಂದು ತೋರಿಸಿದರು. ಕ್ನೊರೊಜೊವ್ ಅವರ ಬರಹವನ್ನು ಸೋಫಿ ಕೋ ಇಂಗ್ಲಿಷಿಗೆ ತಂದರು, ಅವರ ಪತಿ, ಮಾಯಾ ವಿದ್ವಾಂಸ ಮೈಕೆಲ್ ಕೋ, ಕ್ನೊರೊಜೊವ್ ಅವರ ಬೆನ್ನಿಗೆ ನಿಂತರು. 1970ರ ದಶಕದಲ್ಲಿ ಹೊಸ ತಲೆಮಾರು ಮಾಯಾ ನಗರ ಪಲೆಂಕೆಯ ರಾಜವಂಶದ ಚರಿತ್ರೆಯನ್ನು ಓದತೊಡಗಿತು.

ಕ್ನೊರೊಜೊವ್ ಸಿಂಧೂ ಲಿಪಿಗೂ ಕೈ ಹಾಕಿದ್ದರು. 1960ರ ದಶಕದಲ್ಲಿ ಅವರ ತಂಡ ಗಣಕಯಂತ್ರದ ನೆರವಿನಿಂದ ಆ ಲಿಪಿಯಿರುವ ಮುದ್ರೆಗಳನ್ನು ಪರಿಶೀಲಿಸಿ, ಅವುಗಳ ಭಾಷೆಯ ರಚನೆ ದ್ರಾವಿಡ ನುಡಿಗಳನ್ನು ಹೋಲುತ್ತದೆ ಎಂಬ ನಿಲುವಿಗೆ ಬಂತು. ಅಲ್ಲಿ ಅವರಿಗೆ ಲಾಂಡಾನ ಪಟ್ಟಿಯಂಥ ಆಸರೆ ಇರಲಿಲ್ಲ. ಆ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ.

ಮಾಯಾ ನಾಡನ್ನು ಅವರು ಕಣ್ಣಾರೆ ಕಂಡದ್ದು ಬದುಕಿನ ಕೊನೆಯ ದಶಕದಲ್ಲಿ, ಮೊದಲು ಗ್ವಾಟೆಮಾಲಾದಲ್ಲಿ, ಬಳಿಕ ಮೆಕ್ಸಿಕೊದಲ್ಲಿ. ಮೆಕ್ಸಿಕೊ ಅವರಿಗೆ ಅಜ್ಟೆಕ್ ಹದ್ದಿನ ಬಿರುದನ್ನಿತ್ತು ಗೌರವಿಸಿತು. 1999ರ ಮಾರ್ಚ್‌ನಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ (ಹಿಂದಿನ ಲೆನಿನ್‌ಗ್ರಾಡ್) ಅವರು ತೀರಿಕೊಂಡರು. ಅಷ್ಟರಲ್ಲಾಗಲೇ ಗ್ವಾಟೆಮಾಲಾದ ಆಂಟಿಗುವಾದಲ್ಲಿ ಮಾಯಾ ನುಡಿಗಳನ್ನಾಡುವವರೇ ಲಿಪಿತಜ್ಞರಾದ ಲಿಂಡಾ ಶೆಲೆ, ನಿಕೊಲಾಯ್ ಗ್ರೂಬೆ ಮೊದಲಾದವರೊಡನೆ ಕುಳಿತು ತಮ್ಮ ಹಿರಿಯರ ಲಿಪಿಯನ್ನು ಓದಲು, ಬರೆಯಲು ಕಲಿತಿದ್ದರು. ಈಗ ಅವರು ಅದೇ ಅಕ್ಷರಗಳಲ್ಲಿ ಹೊಸ ಶಿಲಾಸ್ತಂಭಗಳನ್ನು ಕೆತ್ತಿಸಿ ನಿಲ್ಲಿಸುತ್ತಿದ್ದಾರೆ.