ಬಣ್ಣ ಬಳಿಯದ ಹಳೆಯ ಗಾಡಿ



ನಿಮ್ಮ ಮನೆಯಲ್ಲಿ ಹಳೆಯ ನೇಗಿಲು ಇನ್ನೂ ಅಟ್ಟದ ಮೇಲೆ ಉಳಿದಿದ್ದರೆ, ಅದರ ಮೇಳಿಯನ್ನೊಮ್ಮೆ ಕೈಯಲ್ಲಿ ಹಿಡಿದು ನೋಡಿ. ಹಿಡಿಯುವ ಜಾಗ ನುಣುಪಾಗಿ, ಸ್ವಲ್ಪ ತಗ್ಗಾಗಿ ಇರುತ್ತದೆ. ಬಡಗಿ ಹಾಗೆ ಮಾಡಿ ಕೊಟ್ಟದ್ದಲ್ಲ. ನಿಮ್ಮ ತಂದೆ, ಅವರ ತಂದೆ ಹಿಡಿದು ಹಿಡಿದು ಹಾಗಾಯಿತು. ಯಾರೋ ಒಬ್ಬರು ಬಂದು, “ಇದನ್ನ ಚೆನ್ನಾಗಿ ಉಜ್ಜಿ, ಹೊಸ ಬಣ್ಣ ಹೊಡೆದು ಕೊಡ್ತೀನಿ” ಅಂದರೆ ಹೂಂ ಅಂತೀರಾ, ಬೇಡ ಅಂತೀರಾ?

ಇವತ್ತು ನಾನು ಹೇಳಬೇಕೆಂದಿರುವುದು ದೂರದ ಅಮೆರಿಕದ ಒಂದು ಮೋಟಾರು ಗಾಡಿಯ ಚರಿತ್ರೆ. ಗಾಡಿ ಬೇರೆ, ದೇಶ ಬೇರೆ. ಅಲ್ಲಿಯವರ ಮುಂದಿರುವ ಪ್ರಶ್ನೆ ಮಾತ್ರ ಇದೇ.

ಗಾಡಿಯ ಹೆಸರು ಡಾಡ್ಜ್ ಪವರ್ ವ್ಯಾಗನ್. ಮುಂದೆ ಡ್ರೈವರ್ ಕೂರುವ ಗೂಡು, ಹಿಂದೆ ಸರಕು ತುಂಬುವ ತೆರೆದ ತೊಟ್ಟಿ. ನಾವೂ ಈಗ ಪಿಕಪ್ ಅಂತ ಕರೆಯುತ್ತೇವಲ್ಲ, ಆ ಜಾತಿಯದು. ಆದರೆ ಇದರ ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುತ್ತದೆ. ಸಾಮಾನ್ಯ ಲಾರಿಯಲ್ಲಿ ಹಿಂದಿನ ಚಕ್ರಗಳು ನೂಕುತ್ತವೆ, ಮುಂದಿನವು ಸುಮ್ಮನೆ ಉರುಳುತ್ತವೆ. ಹಿಂದಿನವು ಕೆಸರಿನಲ್ಲಿ ಹೂತರೆ ಮುಗಿಯಿತು. ಎತ್ತಿನ ಗಾಡಿ ಹಳ್ಳದಲ್ಲಿ ಸಿಕ್ಕಿಕೊಂಡರೆ ನಾವೇನು ಮಾಡುತ್ತೇವೆ? ಪಕ್ಕದ ಹೊಲದವರನ್ನು ಕೂಗಿ ಇನ್ನೊಂದು ಜೊತೆ ಎತ್ತು ತರಿಸಿ ಮುಂದೆ ಕಟ್ಟುತ್ತೇವೆ. ಈ ಗಾಡಿಯಲ್ಲಿ ಆ ಎರಡನೆಯ ಜೊತೆ ಯಾವಾಗಲೂ ಸಂಗಡವೇ ಇರುತ್ತದೆ. ಬೇಕಾದಾಗ ಒಂದು ಗೇರುಕೋಲು ಎಳೆದು ಹೂಡಿಕೊಳ್ಳುವುದು, ರಸ್ತೆಗೆ ಬಂದ ಮೇಲೆ ಬಿಡುವುದು, ಅಷ್ಟೆ.

ಇದರ ಮೂಲ ಯುದ್ಧದಲ್ಲಿದೆ. ಎರಡನೆಯ ಮಹಾಯುದ್ಧದಲ್ಲಿ ಡಾಡ್ಜ್ ಕಂಪನಿ ಅಮೆರಿಕದ ಸೈನ್ಯಕ್ಕೆ ನಾಲ್ಕು ಚಕ್ರ ಎಳೆಯುವ ಗಾಡಿಗಳನ್ನು ಲಕ್ಷಗಟ್ಟಲೆ ಮಾಡಿಕೊಟ್ಟಿತು. ಮದ್ದುಗುಂಡು ಹೊರಲು ಅದೇ, ಗಾಯಾಳುಗಳನ್ನು ಸಾಗಿಸಲು ಅದೇ. 1945ರಲ್ಲಿ ಯುದ್ಧ ನಿಂತಿತು. ಸೈನ್ಯದಿಂದ ಊರಿಗೆ ಮರಳಿದವರಲ್ಲಿ ರೈತರ ಮಕ್ಕಳು ಬಹಳ. ಗುಡ್ಡ, ಹೊಳೆ, ಕೆಸರು ಎನ್ನದೆ ನುಗ್ಗುವ ಗಾಡಿಯನ್ನು ಓಡಿಸಿದ ಕೈಗಳು ಅವು. ಊರಲ್ಲಿ ನೋಡಿದರೆ ಮಳೆಗಾಲದಲ್ಲಿ ಹೊಲಕ್ಕೆ ಇಳಿಯಲಾರದ ಲಾರಿ! 1946ರಲ್ಲಿ ಕಂಪನಿ ಸೈನ್ಯದ ಗಾಡಿಯ ಗಟ್ಟಿ ತಳಕಟ್ಟಿನ ಮೇಲೆ ತನ್ನದೇ ಯುದ್ಧಪೂರ್ವದ ಲಾರಿಯ ಗೂಡನ್ನು ಕೂರಿಸಿ, ಪವರ್ ವ್ಯಾಗನ್ ಎಂದು ಹೆಸರಿಟ್ಟು ಮಾರಾಟಕ್ಕೆ ಬಿಟ್ಟಿತು. ಮರುವರ್ಷ ವಿಲ್ಲಿಸ್ ಕಂಪನಿಯ ಜೀಪ್ ಪಿಕಪ್ಪೂ, 1948ರಲ್ಲಿ ಇಂಗ್ಲೆಂಡಿನ ಲ್ಯಾಂಡ್ ರೋವರೂ ಬಂದವು. ಅವುಗಳ ಕಥೆ ಇನ್ನೊಮ್ಮೆ.

ಪವರ್ ವ್ಯಾಗನ್ನು ಒಂದು ಟನ್ನಿನ ಗಾಡಿ. ತೊಟ್ಟಿ ಎಂಟು ಅಡಿ ಉದ್ದ. ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ನು, ಮೊದಲ ಗಾಡಿಗಳಲ್ಲಿ 94 ಅಶ್ವಶಕ್ತಿ. ಇಷ್ಟು ದೊಡ್ಡ ಎಂಜಿನ್ನು ಇದ್ದೂ ಓಟ ಮಾತ್ರ ಇಲ್ಲ. ಗಂಟೆಗೆ 50 ಮೈಲಿ ಮುಟ್ಟುವಷ್ಟರಲ್ಲಿ ಕೂಗಿ ರಂಪ ಮಾಡುತ್ತದೆ. ಗೇರುಗಳನ್ನು ಎಳೆಯುವುದಕ್ಕಾಗಿ ಜೋಡಿಸಿದ್ದಾರೆ, ಓಡುವುದಕ್ಕಲ್ಲ. ಉಳುವ ಎತ್ತಿನ ಹತ್ತಿರ ಕುದುರೆಯ ಓಟ ಕೇಳುವುದು ನ್ಯಾಯವೇ?

ಇದರ ನಿಜವಾದ ಮಹಿಮೆ ಇರುವುದು ಎಂಜಿನ್ನಿನ ಬಲವನ್ನು ಹೊರಗಿನ ಯಂತ್ರಕ್ಕೆ ಕೊಡುವ ಏರ್ಪಾಟಿನಲ್ಲಿ. ಟ್ರ್ಯಾಕ್ಟರ್ ಇಟ್ಟವರಿಗೆ ಪಿ.ಟಿ.ಓ. ಅಂದರೆ ಗೊತ್ತು. ಗಾಡಿಯನ್ನು ಹೊಲದಲ್ಲಿ ನಿಲ್ಲಿಸಿ, ಹಿಂದಿನ ರಾಟೆಗೆ ಪಟ್ಟಿ ಹಾಕಿದರೆ ಮರ ಕೊಯ್ಯುವ ಗರಗಸ ತಿರುಗುತ್ತದೆ, ನೀರೆತ್ತುವ ಪಂಪು ತಿರುಗುತ್ತದೆ, ಒಕ್ಕಣೆ ಯಂತ್ರ ತಿರುಗುತ್ತದೆ. ಮುಂದುಗಡೆ ಉಕ್ಕಿನ ಹಗ್ಗ ಸುತ್ತುವ ವಿಂಚನ್ನೂ ಹಾಕಿಸಿಕೊಳ್ಳಬಹುದಾಗಿತ್ತು. ಆಮೇಲಿನ ಗಾಡಿಗಳಲ್ಲಿ ಅದರ ಎಳೆತ 10,000 ಪೌಂಡು, ಅಂದರೆ ಸುಮಾರು 45 ಕ್ವಿಂಟಾಲು. ಇದೆಲ್ಲ ಯಾಕೆ ಬೇಕಾಯಿತು ಎಂದರೆ, ಅಮೆರಿಕವಾದರೂ 1935ರ ಸುಮಾರಿಗೆ ಹತ್ತು ಬೇಸಾಯದ ಮನೆಗಳಲ್ಲಿ ವಿದ್ಯುತ್ತು ಇದ್ದದ್ದು ಒಂದಕ್ಕೆ ಮಾತ್ರ. ಸರ್ಕಾರ ಹಟ ತೊಟ್ಟು ತಂತಿ ಎಳೆಯಿಸುತ್ತ ಬಂದರೂ ಯುದ್ಧ ಮುಗಿದಾಗ ಎಷ್ಟೋ ಹೊಲಗಳಿಗೆ ಅದು ತಲುಪಿರಲಿಲ್ಲ. ಅಂಥ ಕಡೆ ತಾನೇ ನಡೆದು ಬರುವ ಎಂಜಿನ್ನು ಮನೆಯ ದೊಡ್ಡ ಮಗನಿದ್ದ ಹಾಗೆ.

ಇಪ್ಪತ್ತೆರಡು ವರ್ಷ ಈ ಗಾಡಿ ಹೆಚ್ಚು ಕಡಿಮೆ ಅದೇ ಮುಖದಲ್ಲಿ ಬಂತು. ಬೇರೆ ಗಾಡಿಗಳು ವರ್ಷವರ್ಷ ವೇಷ ಬದಲಿಸುತ್ತಿದ್ದವು, ಇದು ಬದಲಿಸಲಿಲ್ಲ. 1961ರಲ್ಲಿ ಎಂಜಿನ್ನು ಸ್ವಲ್ಪ ದೊಡ್ಡದಾಯಿತು. 1968ರಲ್ಲಿ, ಸುರಕ್ಷತೆಯ ಹೊಸ ಕಾನೂನುಗಳ ಕಾಲಕ್ಕೆ, ಅಮೆರಿಕದೊಳಗಿನ ಮಾರಾಟ ನಿಂತಿತು. ಹೊರದೇಶಗಳಿಗೆ ಮಾತ್ರ ಇನ್ನೂ ಕೆಲವು ವರ್ಷ ಹೋಯಿತು.

ಈಗ ಪ್ರಶ್ನೆಗೆ ಬರೋಣ. ಅಲ್ಲಿ ಎಷ್ಟೋ ಕೊಟ್ಟಿಗೆಗಳ ಹಿಂದೆ, ಹುಲ್ಲಿನ ನಡುವೆ, ಇಂಥ ಗಾಡಿಗಳು ಸಿಕ್ಕಿವೆ, ಸಿಗುತ್ತಲೂ ಇವೆ. ಸಿಕ್ಕಿದವರಲ್ಲಿ ಎರಡು ಪಂಗಡ. ಒಬ್ಬರು ಗಾಡಿಯನ್ನು ಪೂರ್ತಿ ಬಿಚ್ಚಿ, ತುಕ್ಕು ಕೆರೆದು, ಕನ್ನಡಿಯಂತೆ ಮಿಂಚುವ ಬಣ್ಣ ಹಾಕಿಸಿ ಹೊಸದು ಮಾಡುವವರು. ಇನ್ನೊಬ್ಬರು, ಓಡುವುದಕ್ಕೆ ಬೇಕಾದಷ್ಟು ಮಾತ್ರ ರಿಪೇರಿ ಮಾಡಿ, ಮೈಯನ್ನು ಇದ್ದ ಹಾಗೇ ಬಿಡುವವರು. ಮೊದಲನೆಯವರ ಶ್ರಮವನ್ನು ನಾನು ಹಗುರ ಮಾಡುವುದಿಲ್ಲ. ಪೂರ್ತಿ ಲಡ್ಡು ಹಿಡಿದ ಗಾಡಿಗೆ ಬೇರೆ ದಾರಿಯೇ ಇರುವುದಿಲ್ಲ. ಆದರೂ ನನ್ನ ಮನಸ್ಸು ಎರಡನೆಯವರ ಕಡೆಗೆ.

ಕಾರಣ ಹೇಳುತ್ತೇನೆ. ಬಣ್ಣ ಬಳಿಯದ ಗಾಡಿಯ ಸುತ್ತ ಒಂದು ಸುತ್ತು ಬನ್ನಿ. ಬಾಗಿಲ ಅಂಚಿನಲ್ಲಿ, ಡ್ರೈವರ್ ಮೊಣಕೈ ಊರುವ ಜಾಗದಲ್ಲಿ, ಬಣ್ಣ ಸವೆದು ತಗಡು ಕಾಣುತ್ತದೆ. ಬ್ರೇಕಿನ ಪೆಡಲು ಒಂದು ಮಗ್ಗುಲಿಗೆ ಹೆಚ್ಚು ತೇದಿದೆ: ಬೂಟು ಓರೆಯಾಗಿ ಇಟ್ಟು ತುಳಿದವನ ಅಭ್ಯಾಸ. ತೊಟ್ಟಿಯ ತಳದ ಹಲಗೆ ಹಿಂಬಾಗಿಲ ಹತ್ತಿರ ತಗ್ಗಾಗಿದೆ, ಚೀಲ ಎಳೆದದ್ದು ಅಲ್ಲಿಂದಲೇ. ವಿಂಚಿನ ಬಾಯಲ್ಲಿ ಉಕ್ಕಿನ ಹಗ್ಗ ಕೊರೆದ ಗೀರುಗಳು ಎಡಕ್ಕೇ ಹೆಚ್ಚಾಗಿದ್ದರೆ, ಈ ಗಾಡಿ ಯಾವಾಗಲೂ ಒಂದೇ ಕಡೆಯಿಂದ ದಿಮ್ಮಿ ಎಳೆಯಿತು ಎಂದು ಊಹಿಸಬಹುದು. ಬಾಗಿಲ ಮೇಲೆ ಮಾಸಿದ ಅಕ್ಷರ ಇದ್ದರೆ ಒಡೆಯನ ಹೆಸರು, ಊರು ಸಿಗುತ್ತದೆ. ಹಸಿರು ಬಣ್ಣ ಸಿಪ್ಪೆ ಎದ್ದ ಕಡೆ ಒಳಗೆ ಕೆಂಪು ಕಂಡರೆ, ಈ ಗಾಡಿ ಕೈ ಬದಲಿಸಿದ್ದಿರಬಹುದು ಎಂದು ಅನುಮಾನ ಬರುತ್ತದೆ. ಯಾವ ಕಾಗದದಲ್ಲೂ ಇಲ್ಲದ ಸಂಗತಿಗಳು ಇವು. ರೈತ ದಿನಚರಿ ಬರೆದಿಡುವುದಿಲ್ಲ. ಅವನ ಲೆಕ್ಕ ಅವನ ಸಾಮಾನಿನ ಮೇಲೆಯೇ ಇರುತ್ತದೆ. ಮರಳು ಹಾರಿಸುವ ಯಂತ್ರದಿಂದ ಆ ತಗಡನ್ನು ಉಜ್ಜಿದರೆ ಒಂದು ಮಧ್ಯಾಹ್ನಕ್ಕೆ ಅಷ್ಟೂ ಹೋಯಿತು, ಮತ್ತೆ ತರುವಂತಿಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ, ಕೈ ಸುಟ್ಟುಕೊಂಡು ಕಲಿತದ್ದು. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಎತ್ತಿನ ಗಾಡಿ ಇತ್ತು. ತಂಗಿಯ ಮದುವೆಗೆ ಚಂದ ಕಾಣಲಿ ಅಂತ ನಾನೇ ನಿಂತು ಅದನ್ನು ಹೆರೆಸಿ, ಕೆಂಪು ಹಳದಿ ಬಣ್ಣ ಹೊಡೆಸಿದೆ. ಎಲ್ಲರೂ ಹೊಗಳಿದರು. ಅಪ್ಪ ಬಂದು ಮೂಕಿಯ ಮೇಲೆ ಕೈಯಾಡಿಸಿ, “ಗೀಟು ಎಲ್ಲೋದವೋ?” ಅಂದರು. ಅಜ್ಜ ಓದು ಬರಹ ಬಲ್ಲವರಲ್ಲ. ಪ್ರತಿ ಸುಗ್ಗಿಯಲ್ಲಿ ಎಷ್ಟು ಗಾಡಿ ಭತ್ತ ಮನೆಗೆ ಬಂತು ಅಂತ ಮಚ್ಚಿನ ತುದಿಯಿಂದ ಮೂಕಿಯ ಅಡಿಯಲ್ಲಿ ಗೀಟು ಹಾಕುತ್ತಿದ್ದರಂತೆ. ಮಳೆ ಕೈಕೊಟ್ಟ ವರ್ಷ ಎರಡೇ ಗೀಟು ಇತ್ತಂತೆ. ನನಗೆ ಗೊತ್ತೇ ಇರಲಿಲ್ಲ, ಕೇಳಲೂ ಇಲ್ಲ. ಅಪ್ಪ ಬೈಯಲಿಲ್ಲ, ಅದೇ ಇನ್ನೂ ಕಷ್ಟವಾಯಿತು.

ಹಾಗಂತ ಹಳೆಯದನ್ನು ಮುಟ್ಟಲೇಬಾರದು ಎಂದಲ್ಲ. ಬ್ರೇಕು ಹಿಡಿಯದ ಗಾಡಿಯನ್ನು “ಹಳೇದು, ಹಾಗೇ ಇರಲಿ” ಅಂತ ಓಡಿಸುವುದು ಮೂರ್ಖತನ. ಪವರ್ ವ್ಯಾಗನ್ ಇಟ್ಟವರು ಮೊದಲು ನೋಡುವುದು ಬ್ರೇಕಿನ ಎಣ್ಣೆ ಕೊಳವೆ, ರಬ್ಬರ್ ಕೊಳವೆ, ಟೈರು, ಬಟ್ಟೆ ಸುತ್ತಿದ ಹಳೆಯ ವಯರು. ಬಿರುಕು ಬಿಟ್ಟಿದ್ದನ್ನು ಮುಲಾಜಿಲ್ಲದೆ ಬದಲಿಸುತ್ತಾರೆ. ತಳಕಟ್ಟಿನ ಉಕ್ಕನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡುತ್ತಾರೆ. ಮೇಲುಮೇಲಿನ ತುಕ್ಕಿಗೆ ಎಣ್ಣೆ ಸವರಿದರೆ ಅಲ್ಲಿಗೇ ತಡೆಯುತ್ತದೆ. ಹಪ್ಪಳದಂತೆ ಪದರ ಎದ್ದ ತುಕ್ಕಾದರೆ ಕತ್ತರಿಸಿ ಬೆಸುಗೆ ಹಾಕಿಸಲೇಬೇಕು. ಎಂಜಿನ್ನು ಮಾತ್ರ ಸರಳ. ವಾಲ್ವುಗಳೆಲ್ಲ ಸಿಲಿಂಡರಿನ ಪಕ್ಕದಲ್ಲೇ ಕೂತಿರುವುದರಿಂದ ಮೇಲಿನ ಮುಚ್ಚಳ ಬರಿಯ ತಟ್ಟೆಯಂತೆ ಕಳಚುತ್ತದೆ. ನಾಲ್ಕು ಸ್ಪ್ಯಾನರು ಹಿಡಿಯಬಲ್ಲ ರೈತ ಹೊಲದ ಬದುವಿನಲ್ಲೇ ಬಿಚ್ಚಿ ಕೂಡಿಸಬಹುದು.

ಇನ್ನೊಂದು ಸೋಜಿಗ ಕೇಳಿ. ಹಳೆಯ ಮೈಬಣ್ಣಕ್ಕೆ ಬೆಲೆ ಬಂದದ್ದೇ ತಡ, ಹೊಸ ಬಣ್ಣ ಹಾಕಿ ಅದನ್ನೇ ಉಜ್ಜಿ, ಔಷಧಿ ಸವರಿ ತುಕ್ಕು ಬರಿಸಿ, ಸುಳ್ಳು ಹಳೆಯ ಗಾಡಿ ಮಾಡುವವರೂ ಹುಟ್ಟಿಕೊಂಡರು! ಅಂಥದನ್ನು ಪತ್ತೆ ಮಾಡುವುದು ಕಷ್ಟವಲ್ಲ. ಸುಳ್ಳು ಸವೆತ ಎಲ್ಲ ಕಡೆ ಒಂದೇ ಸಮ ಇರುತ್ತದೆ. ದುಡಿದ ಸವೆತ ಕೈ ಇಟ್ಟ ಕಡೆ, ಕಾಲು ಇಟ್ಟ ಕಡೆ, ಹೊರೆ ಇಳಿಸಿದ ಕಡೆ ಮಾತ್ರ ಇರುತ್ತದೆ.

ನಮ್ಮಲ್ಲಿ ಈ ಜಾತಿಯ ಗಾಡಿ ಅಂದರೆ ಜೀಪು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಜೋಡಿಸತೊಡಗಿತು. ಅಲ್ಲಿಂದ ಅವು ಕೊಡಗಿನ ಕಾಫಿ ತೋಟಕ್ಕೆ ಬಂದವು, ಮಲೆನಾಡಿನ ಘಟ್ಟ ಹತ್ತಿದವು. ಮಳೆಗಾಲದಲ್ಲಿ ಬಸ್ಸು ಬಾರದ ಹಳ್ಳಿಯಿಂದ ಬಾಣಂತಿಯನ್ನು ಆಸ್ಪತ್ರೆಗೆ ತಂದದ್ದೂ ಇಂಥ ಜೀಪೇ. ನಿಮ್ಮ ಊರಿನ ಶೆಡ್ಡಿನಲ್ಲಿ ಅಂಥದೊಂದು ಇನ್ನೂ ನಿಂತಿದ್ದರೆ, ಗುಜರಿಯವನೋ ಬಣ್ಣದವನೋ ಬರುವ ಮೊದಲು, ಅದನ್ನು ಓಡಿಸಿದ ಹಿರಿಯರನ್ನು ಒಮ್ಮೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ನಿಲ್ಲಿಸಿ. ಬಂಪರಿನ ಮೇಲಿನ ಆ ತಗ್ಗು ಹೇಗಾಯಿತು ಅಂತ ಕೇಳಿ. ಅವರು ಹೇಳಲು ಶುರುಮಾಡಿದರೆ ಊಟದ ಹೊತ್ತು ಮೀರೀತು, ಮನೆಯಲ್ಲಿ ಹೇಳಿ ಹೋಗಿ.