ಎಂಜಿನ್ ತಿರುಗಿಸುವ ಕೈ

ಹಳೆಯ ಅಂಬಾಸಿಡರ್ ಕಾರಿನ ಮುಂಭಾಗವನ್ನು ಎಂದಾದರೂ ಬಗ್ಗಿ ನೋಡಿದ್ದೀರಾ? ಕೆಳಗೆ, ಸರಿಯಾಗಿ ನಡುವಿನಲ್ಲಿ, ಹ್ಯಾಂಡಲ್ ತೂರಿಸಲು ಒಂದು ಕಿಂಡಿ ಇರುತ್ತಿತ್ತು. ಬ್ಯಾಟರಿ ಕೈಕೊಟ್ಟ ದಿನ ಚಾಲಕ ಡಿಕ್ಕಿಯಿಂದ ಬಾಗಿದ ಕಬ್ಬಿಣದ ಸಲಾಕೆಯೊಂದನ್ನು ತಂದು ಅಲ್ಲಿ ತೂರಿಸಿ, ಹ್ಯಾಂಡಲ್ ಹೊಡೆದು ಗಾಡಿ ಹೊರಡಿಸುತ್ತಿದ್ದ. ನಿಮ್ಮ ತಂದೆಯವರನ್ನು ಕೇಳಿ, ನೆನಪಿದ್ದೀತು.

ಮೊಟ್ಟಮೊದಲ ಕಾರಿಗೆ ಈ ಸಲಾಕೆಯೂ ಇರಲಿಲ್ಲ. ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೂರು ಗಾಲಿಯ ಗಾಡಿಯ ಹಿಂಭಾಗದಲ್ಲಿ ದೊಡ್ಡದೊಂದು ಚಕ್ರ ಅಡ್ಡಲಾಗಿ ಮಲಗಿತ್ತು. ಅದನ್ನು ಕೈಯಿಂದಲೇ ಬೀಸಿ ತಿರುಗಿಸಬೇಕು. 1888ರಲ್ಲಿ ಅವರ ಪತ್ನಿ ಬರ್ಥಾ ಬೆಂಜ್ ಇಬ್ಬರು ಮಕ್ಕಳೊಂದಿಗೆ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ, ಸುಮಾರು 100 ಕಿಲೋಮೀಟರ್ ದೂರ ಪಯಣಿಸಿದ್ದು ಇಂಥ ಗಾಡಿಯಲ್ಲೇ. 1886ರ ಆ ಮೊದಲ ಗಾಡಿಯ ಶಕ್ತಿ ಒಂದು ಅಶ್ವಶಕ್ತಿಗೂ ಕಡಿಮೆ. ಬರಿಗೈ ಸಾಕಾಗುತ್ತಿತ್ತು.

ಎಂಜಿನ್ ಬೆಳೆದಂತೆ ಕೈಗೆ ಸನ್ನೆಕೋಲು ಬೇಕಾಯಿತು. ಹ್ಯಾಂಡಲ್ ಬಂದದ್ದು ಹೀಗೆ. ಫೋರ್ಡ್ ಕಂಪನಿಯ 1908ರ ಮಾಡೆಲ್ ಟಿ ಕಾರಿನಲ್ಲಂತೂ ಅದು ರೇಡಿಯೇಟರಿನ ಕೆಳಗೆ ಸದಾ ತೂಗುತ್ತಲೇ ಇರುತ್ತಿತ್ತು. ಹ್ಯಾಂಡಲಿನ ತುದಿಯ ರಚನೆಯನ್ನು ಸ್ವಲ್ಪ ಗಮನಿಸಿ. ಅಲ್ಲಿನ ಹಲ್ಲುಗಳ ಒಂದು ಮಗ್ಗುಲು ನೇರ, ಇನ್ನೊಂದು ಇಳಿಜಾರು. ನಾವು ತಿರುಗಿಸುವಾಗ ನೇರ ಮಗ್ಗುಲು ಎಂಜಿನ್ನಿನ ದಂಡವನ್ನು ತಳ್ಳುತ್ತದೆ. ಎಂಜಿನ್ ಹೊತ್ತಿಕೊಂಡು ನಮಗಿಂತ ವೇಗವಾಗಿ ಓಡತೊಡಗಿದರೆ, ಇಳಿಜಾರಿನ ಮೇಲೆ ಜಾರಿ ಹ್ಯಾಂಡಲ್ ತಾನೇ ಹೊರಗೆ ಬರುತ್ತದೆ. ಜಾಣತನದ ಏರ್ಪಾಡು. ಆದರೆ ಎಂಜಿನ್ ಹಿಮ್ಮುಖವಾಗಿ ತಿರುಗಿದರೆ? ಆಗ ನೇರ ಮಗ್ಗುಲುಗಳೇ ಒಂದನ್ನೊಂದು ಒತ್ತುತ್ತವೆ, ಬಿಡುಗಡೆಯಿಲ್ಲ. ಹ್ಯಾಂಡಲ್ ಹಿಂದಕ್ಕೆ ಒದೆಯುತ್ತದೆ, ಕೈ ಮುರಿಯುತ್ತದೆ.

ಹಿಮ್ಮುಖವಾಗಿ ಏಕೆ ತಿರುಗಬೇಕು? ಓಡುವ ಎಂಜಿನ್ನಿನಲ್ಲಿ ಪಿಸ್ಟನ್ ತುದಿ ಮುಟ್ಟುವ ಕೊಂಚ ಮೊದಲೇ ಕಿಡಿ ಹಾರಬೇಕು. ಇಂಧನ ಉರಿಯಲು ಸಮಯ ಬೇಕಲ್ಲ. ಕೈಯಿಂದ ನಿಧಾನವಾಗಿ ತಿರುಗಿಸುವಾಗ ಅದೇ ಕಿಡಿ ತೀರ ಬೇಗನೆ ಬಂದಂತಾಗಿ, ಮೇಲೇರುತ್ತಿರುವ ಪಿಸ್ಟನ್ನನ್ನು ಕೆಳಕ್ಕೆ ತಳ್ಳಿಬಿಡುತ್ತದೆ. ಅದಕ್ಕೇ ಮಾಡೆಲ್ ಟಿ ಕಾರಿನ ಸ್ಟೀರಿಂಗಿನ ಎಡಕ್ಕೆ ಕಿಡಿಯನ್ನು ತಡವಾಗಿಸುವ ಸನ್ನೆಯಿತ್ತು. ಅದನ್ನು ಸರಿಸಲು ಮರೆತವರ ಮಣಿಕಟ್ಟಿನ ಬಳಿಯ ಮೂಳೆ ಮುರಿಯುತ್ತಿತ್ತು. ವೈದ್ಯರು ಇಂದಿಗೂ ಆ ಬಗೆಯ ಒಂದು ಮುರಿತವನ್ನು 'ಶೋಫರ್ಸ್ ಫ್ರ್ಯಾಕ್ಚರ್' ಎನ್ನುತ್ತಾರೆ. ಶೋಫರ್ ಎಂದರೆ ಕಾರು ಚಾಲಕ. ಒಂದು ಕಸುಬಿನ ನೋವು ವೈದ್ಯಶಾಸ್ತ್ರದ ಪುಸ್ತಕದಲ್ಲಿ ಹೆಸರಾಗಿ ಉಳಿದಿದೆ.

ಅಮೆರಿಕದ ಕಾರು ತಯಾರಕ ಬೈರನ್ ಕಾರ್ಟರ್ ದಾರಿಯಲ್ಲಿ ಕೆಟ್ಟುನಿಂತ ಮಹಿಳೆಯೊಬ್ಬರಿಗೆ ನೆರವಾಗಲು ಹೋಗಿ, ಹ್ಯಾಂಡಲಿನ ಒದೆತಕ್ಕೆ ಸಿಕ್ಕಿ, ಆ ಗಾಯದ ಪರಿಣಾಮವಾಗಿ ತೀರಿಕೊಂಡರೆಂಬ ಕಥೆಯಿದೆ. ಅದರ ವಿವರಗಳನ್ನು ಎಲ್ಲರೂ ಒಪ್ಪುವುದಿಲ್ಲ. ಕಾರ್ಟರ್ 1908ರಲ್ಲಿ ನಿಧನರಾದದ್ದು ನಿಜ. ಕ್ಯಾಡಿಲಾಕ್ ಕಂಪನಿಯ ಹೆನ್ರಿ ಲೇಲ್ಯಾಂಡ್ ಮುಂದೆ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರಿಂದ ವಿದ್ಯುತ್ ಸ್ಟಾರ್ಟರ್ ಮಾಡಿಸಿದ್ದೂ ನಿಜ. ಕೆಟರಿಂಗ್ ಮೊದಲು ಅಂಗಡಿಗಳ ಹಣ ಎಣಿಸುವ ಯಂತ್ರಕ್ಕೆ ಮೋಟರ್ ಅಳವಡಿಸಿದ್ದವರು. ಕೆಲವೇ ಕ್ಷಣ ದುಡಿಯುವ ಮೋಟರ್ ಚಿಕ್ಕದಾಗಿದ್ದರೂ ಮಿತಿಮೀರಿದ ಹೊರೆ ತಾಳಬಲ್ಲದು ಎಂಬುದು ಅವರಿಗೆ ಗೊತ್ತಿತ್ತು. 1912ರ ಕ್ಯಾಡಿಲಾಕ್ ಆ ಸ್ಟಾರ್ಟರಿನೊಂದಿಗೇ ಮಾರುಕಟ್ಟೆಗೆ ಬಂತು. ಆದರೂ ಹ್ಯಾಂಡಲ್ ಬಹಳ ಕಾಲ ಬದುಕಿತ್ತು.

ಇಂದು ಹಳೆಯ ಕಾರುಗಳನ್ನು ಸಾಕುವವರು ಎಂಜಿನ್ನನ್ನು ಕೈಯಿಂದ ತಿರುಗಿಸುವುದು ಹೆಚ್ಚಾಗಿ ರಿಪೇರಿಗಾಗಿ. ವಾಲ್ವಿನ ಸಂದು ಹೊಂದಿಸಬೇಕು, ವರ್ಷಗಟ್ಟಲೆ ನಿಂತ ಎಂಜಿನ್ ಬಿಗಿದುಕೊಂಡಿದೆಯೇ ಎಂದು ತಿಳಿಯಬೇಕು. ಕಾರಿನದೇ ಹ್ಯಾಂಡಲ್ ಸಿಕ್ಕರೆ ಅದೇ ಉತ್ತಮ. ಇಲ್ಲವಾದರೆ ಮುಂದಿನ ಪುಲ್ಲಿಯ ನಟ್ಟಿಗೆ ಸರಿಹೊಂದುವ ಸಾಕೆಟ್ ಪಾನ ಬೇಕು. ಅಂಬಾಸಿಡರಿನ 1489 ಸಿ.ಸಿ. ಎಂಜಿನ್ ಇಂಗ್ಲೆಂಡಿನ ಬಿ.ಎಂ.ಸಿ. ವಿನ್ಯಾಸ, ಅಳತೆ ಇಂಚಿನಲ್ಲಿ. ಪ್ರೀಮಿಯರ್ ಪದ್ಮಿನಿ ಇಟಲಿಯ ಫಿಯಟ್ ಮೂಲದ್ದು, ಅಳತೆ ಮಿಲಿಮೀಟರಿನಲ್ಲಿ. ಒಂದರ ಪಾನವನ್ನು ಇನ್ನೊಂದಕ್ಕೆ ಹಾಕಿದರೆ ನಟ್ಟಿನ ಮೂಲೆಗಳು ಸವೆದು ಹೋಗುತ್ತವೆ.

ಹಿಡಿಕೆ ಎಷ್ಟು ಉದ್ದವಿರಬೇಕು? ಉದ್ದವಾದಷ್ಟೂ ಸುಲಭವೆಂದು ಭೌತಶಾಸ್ತ್ರ ಹೇಳುತ್ತದೆ, ಆದರೆ ನಾನು ಸಾಧಾರಣ ಉದ್ದದ್ದನ್ನೇ ಆರಿಸುತ್ತೇನೆ. ಅತಿ ಉದ್ದದ ಸಲಾಕೆಗೆ ಒಳಗಿನ ತಡೆ ತಿಳಿಯುವುದಿಲ್ಲ. ಅಂಟಿದ ವಾಲ್ವನ್ನು ಬಗ್ಗಿಸಿಬಿಟ್ಟ ಮೇಲೆಯೇ ನಮಗೆ ಗೊತ್ತಾಗುವುದು. ಬಲ ಕಡಿಮೆ ಮಾಡಬೇಕಾದರೆ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ. ಒಳಗಿನ ಗಾಳಿ ಹೊರಹೋಗಿ ದಂಡ ಹಗುರವಾಗಿ ತಿರುಗುತ್ತದೆ. ಹೊಲದ ಡೀಸೆಲ್ ಪಂಪ್‌ಸೆಟ್ಟಿಗೆ ಹ್ಯಾಂಡಲ್ ಹಾಕುವ ರೈತರು ಮೊದಲು ಒಂದು ಸಣ್ಣ ಸನ್ನೆಯನ್ನು ಎತ್ತಿ ಹಿಡಿಯುವುದನ್ನು ನೀವು ನೋಡಿರಬಹುದು. ಅಲ್ಲಿಯೂ ನಡೆಯುವುದು ಇದೇ. ಸಾಕೆಟ್ಟಿಗೆ ಜಾರಿ ಹೊರಬರುವ ಹಲ್ಲುಗಳಿಲ್ಲ ಎಂಬುದನ್ನು ಮರೆಯಬೇಡಿ. ಬ್ಯಾಟರಿಯ ತಂತಿ ಕಳಚದೆ, ಗೇರನ್ನು ನ್ಯೂಟ್ರಲ್‌ಗೆ ತಾರದೆ ಅದನ್ನು ಮುಟ್ಟಬಾರದು. ನಟ್ಟು ಬಿಗಿಯುವ ದಿಕ್ಕಿನಲ್ಲೇ ತಿರುಗಿಸಬೇಕು, ಇಲ್ಲವಾದರೆ ನಟ್ಟೇ ಸಡಿಲವಾದೀತು.

ಹ್ಯಾಂಡಲ್ ಹೊಡೆದೇ ಎಂಜಿನ್ ಹೊರಡಿಸುವ ಪ್ರಸಂಗ ಬಂದರೆ ಹಳೆಯ ಚಾಲಕರ ಕ್ರಮವನ್ನು ಪಾಲಿಸಿ. ಎಡಗೈ ಬಳಸಿ, ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇಟ್ಟು, ಹ್ಯಾಂಡಲನ್ನು ಕೆಳಗಿನಿಂದ ಮೇಲಕ್ಕೆ ಎಳೆಯಬೇಕು. ಮೇಲಿನಿಂದ ಕೆಳಕ್ಕೆ ಒತ್ತಬಾರದು. ಒದೆತ ಬಂದರೆ ಆಗ ಹ್ಯಾಂಡಲ್ ಬೆರಳುಗಳನ್ನು ಬಿಡಿಸಿಕೊಂಡು ಹೋಗುತ್ತದೆ, ಮಣಿಕಟ್ಟು ಉಳಿಯುತ್ತದೆ.